ಫೋನಿನಲ್ಲಿ ಗುಡ್ಡೆ ಬಿದ್ದ ಮಾಹಿತಿ: ಬೇಕಾದಾಗ ಕೈಗೆ ಸಿಗುವ ಹಾಗೆ ಜೋಡಿಸುವುದು ಹೇಗೆ?

(ಚರ್ಚಾತಾಣದ ಮಾತುಕತೆ; ಪ್ರತಿ ಬರಹದ ಮೇಲೆ ಇರುವುದು ಬರೆದವರ ಅಡ್ಡಹೆಸರು.)

ಅಡ್ಕಸ್ಥಳ ಗೇಟು

ವಿಷಯ ಇಷ್ಟು. ವಾಟ್ಸಾಪಿನಲ್ಲಿ ಸ್ಟಾರ್ ಹಾಕಿಟ್ಟ ಸಂದೇಶ, ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್, ಡೌನ್‌ಲೋಡ್ ಫೋಲ್ಡರಿನಲ್ಲಿ ಪಿಡಿಎಫ್, ಬ್ರೌಸರಿನಲ್ಲಿ ಬುಕ್‌ಮಾರ್ಕ್. ಅಡಿಕೆ ಮದ್ದಿನ ಪ್ರಮಾಣ, ಜಾಗದ ಆಧಾರ (ದಸ್ತಾವೇಜು), ಕರ ಕಟ್ಟಿದ ರಶೀದಿ, ತಾಳಮದ್ದಳೆಯ ಆಡಿಯೊ, ಪಿಎಸ್‌ಸಿ ಪರೀಕ್ಷೆಯ ನೋಟ್ಸ್ ಎಲ್ಲ ಒಂದರ ಮೇಲೊಂದು. ನಮ್ಮದು ಕಾಸರಗೋಡು, ಹಾಗಾಗಿ ಸ್ವಲ್ಪ ಕನ್ನಡ, ಸ್ವಲ್ಪ ಮಲಯಾಳ, ಉಳಿದದ್ದು ಇಂಗ್ಲಿಷ್. ಇಟ್ಟದ್ದು ಉಂಟು ಅಂತ ಗೊತ್ತು, ಹುಡುಕಿದರೆ ಸಿಗುವುದಿಲ್ಲ. ಯಾವ ಆ್ಯಪ್ ಒಳ್ಳೆದು? ನೋಶನ್, ಒಬ್ಸಿಡಿಯನ್, ಗೂಗಲ್ ಕೀಪ್?

ಕಾರ್ಡು ಪೆಟ್ಟಿಗೆ

ಆ್ಯಪ್ ಕೊನೆಗೆ ಇರಲಿ. ಮೊದಲು ಒಂದು ಹಾಳೆ ತೆಗೆದು, ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ಹುಡುಕಬಹುದಾದ ಇಪ್ಪತ್ತು ಪ್ರಶ್ನೆ ಬರೆಯಿರಿ. «ಮದ್ದು ಬಿಡುವುದಕ್ಕೆ ಮೈಲುತುತ್ತು ಎಷ್ಟು?», «ಕಳೆದ ಸರ್ತಿ ಕರ ಕಟ್ಟಿದ್ದು ಯಾವ ತಂಡಪ್ಪೇರಿಗೆ (ಕಂದಾಯ ಖಾತೆ ನಂಬರಿಗೆ)?», «ಮಿಕ್ಸಿಯ ವಾರಂಟಿ ಮುಗಿಯಿತಾ?» ಈ ಥರ. ನಿಮ್ಮ ಗುಡ್ಡೆಯಲ್ಲಿ ಈ ಇಪ್ಪತ್ತರಲ್ಲಿ ಯಾವುದಕ್ಕೂ ಉತ್ತರವಾಗದ್ದೇ ಹೆಚ್ಚು ಇರ್ತದೆ. ಅದನ್ನು ಜೋಡಿಸಲು ಹೋಗಬೇಡಿ. ‹ಹಳತು› ಅಂತ ಒಂದು ಫೋಲ್ಡರ್ ಮಾಡಿ ಇಡಿಯಾಗಿ ತಳ್ಳಿ. ಅಳಿಸಬೇಕೆಂದೂ ಇಲ್ಲ.

ಎಲ್ಲರೂ ಎಡವುವುದು ಇಲ್ಲಿ. ಹಳೆಯ ಮೂರು ಸಾವಿರ ಸ್ಕ್ರೀನ್‌ಶಾಟ್ ವಿಂಗಡಿಸಲು ಕೂತು, ಇನ್ನೂರಕ್ಕೆ ಸುಸ್ತಾಗಿ, ಹೊಸದಕ್ಕೂ ವ್ಯವಸ್ಥೆ ಮಾಡದೆ ಬಿಡುತ್ತಾರೆ. ಇವತ್ತಿನಿಂದ ಬರುವುದಕ್ಕೆ ಕ್ರಮ ಮಾಡಿ. ಹಳತರಲ್ಲಿ ಏನಾದರೂ ಬೇಕಾಗಿ ಹುಡುಕಿ ತೆಗೆದಾಗ ಅದನ್ನು ಮಾತ್ರ ಹೆಸರು ಕೊಟ್ಟು ಈಚೆ ತನ್ನಿ.

ಬಂದ್ಯೋಡು ಜಂಕ್ಷನ್

ಇಷ್ಟೆಲ್ಲ ಯಾಕೆ? ಸರ್ಚ್ ಉಂಟಲ್ಲ. ಎಲ್ಲ ಗೂಗಲ್ ಡ್ರೈವಿಗೆ ಹಾಕಿ ಪದ ಕೊಟ್ಟರೆ ಆಯ್ತು.

ಅಕ್ಷರಕೋಶ

ಇಂಗ್ಲಿಷಿಗೆ ಸರಿ. ನಮ್ಮ ಊರಿನ ಕಡತಕ್ಕೆ ಸರ್ಚ್ ನಂಬಿ ಕೂತರೆ ಕೈಕೊಡ್ತದೆ. ಕಾರಣ ಒಂದಲ್ಲ.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ. ಚಿತ್ರವಿಚಿತ್ರ ಚಿಹ್ನೆ ಬಂದರೆ ಅದು ಯೂನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ, ಅದರಲ್ಲಿ ಕನ್ನಡ ಪದ ಯಾವತ್ತೂ ಸಿಗುವುದಿಲ್ಲ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಬಹುದು. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡ್ತದೆ, ಅಂಕಿಗಳನ್ನು ಮೂಲದ ಜತೆ ತಾಳೆ ನೋಡಲೇಬೇಕು.

ಯೂನಿಕೋಡಿನಲ್ಲೇ ಇದ್ದರೂ ತೊಂದರೆ ಉಂಟು. ‹ಕಾಸರಗೋಡು› ತೆಗೆದುಕೊಳ್ಳಿ. ಅದರ ‹ಗೋ›ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ, ಊಕಾರ, ದೀರ್ಘ ಅಂತ ಮೂರು ತುಂಡಾಗಿಯೂ ಇಡಬಹುದು. ಹಳೆಯ ಮ್ಯಾಕ್ ಕಂಪ್ಯೂಟರುಗಳು ಕಡತದ ಹೆಸರನ್ನು ತುಂಡು ಮಾಡಿಯೇ ಇಡುತ್ತಿದ್ದವು. ಪರದೆ ಮೇಲೆ ಎರಡೂ ಒಂದೇ ಥರ ಕಾಣ್ತದೆ, ಕೆಲವು ಆ್ಯಪುಗಳಿಗೆ ಎರಡೂ ಬೇರೆ ಬೇರೆ ಪದ. ಪರಿಹಾರ ಸುಲಭ: ‹ಕಾಸರ› ಅಂತ ಮಾತ್ರ ಹುಡುಕಿ. ಮಲಯಾಳದ ಚಿಲ್ಲಕ್ಷರದ್ದೂ (ಸ್ವರ ಇಲ್ಲದ ವ್ಯಂಜನಕ್ಕೆ ಇರುವ ಬಿಡಿ ಅಕ್ಷರ) ಇದೇ ಕತೆ. 2008ರಲ್ಲಿ ಯೂನಿಕೋಡ್ 5.1 ಬಂದ ಮೇಲೆ ಚಿಲ್ಲಿಗೆ ಸ್ವಂತ ಸಂಕೇತ ಸಿಕ್ಕಿತು, ಅದಕ್ಕಿಂತ ಮುಂಚಿನ ಪಠ್ಯದಲ್ಲಿ ಅದೇ ಅಕ್ಷರ ಬೇರೆ ಜೋಡಣೆಯಲ್ಲಿದೆ.

ಇನ್ನು ವಿಭಕ್ತಿ. ‹ನೀರು› ಅಂತ ಹುಡುಕಿದರೆ ‹ನೀರಿನ›, ‹ನೀರಿಗೆ› ಬರುವುದಿಲ್ಲ, ಕೊನೆಯ ಉಕಾರ ಹೋಗಿ ಇಕಾರ ಬಂದಿರ್ತದೆ. ಒಬ್ಸಿಡಿಯನ್, ನೋಟ್‌ಪ್ಯಾಡ್‌ನಂಥ ಕಡೆ ಕೊನೆಯ ಸ್ವರ ಬಿಟ್ಟು ‹ನೀರ› ಅಂತ ಕೊಡಿ, ಮೂರೂ ಬರ್ತದೆ. ‹ಕೊಳೆರೋಗ› ಅಂತ ಕೂಡಿಸಿ ಬರೆದದ್ದು, ‹ಕೊಳೆ ರೋಗ› ಅಂತ ಬಿಡಿಸಿ ಬರೆದದ್ದು ಎರಡೂ ಬೇಕಾದರೆ ‹ಕೊಳೆ› ಸಾಕು. ‹೧೯೮೪› ಅಂತ ಇದ್ದರೆ 1984ಕ್ಕೆ ಸಿಗುವುದಿಲ್ಲ. ಹೆಸರಿನಲ್ಲಿ, ಟಿಪ್ಪಣಿಯಲ್ಲಿ ಯಾವಾಗಲೂ 1984 ಅಂತಲೇ ಹಾಕಿ.

ಬಂದ್ಯೋಡು ಜಂಕ್ಷನ್

ಸರಿ, ಒಪ್ಪಿದೆ. ಹಾಗಾದರೆ ಫೋಲ್ಡರಾ, ಟ್ಯಾಗಾ?

ಕಾರ್ಡು ಪೆಟ್ಟಿಗೆ

ಎರಡೂ ಸ್ವಲ್ಪ ಸ್ವಲ್ಪ. ಎಲ್ಲಕ್ಕಿಂತ ಮುಖ್ಯ ಕಡತದ ಹೆಸರು.

ಎಸ್. ಆರ್. ರಂಗನಾಥನ್ ಅಂತ ಗ್ರಂಥಾಲಯ ವಿಜ್ಞಾನದವರು ಇದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು, ಆಗ ನಮ್ಮ ಊರೂ ಮದ್ರಾಸಿಗೇ ಸೇರಿತ್ತಲ್ಲ. 1933ರಲ್ಲಿ ಅವರ ಕೋಲನ್ ವರ್ಗೀಕರಣ ಬಂತು. ಅದರ ತಿರುಳು: ಒಂದು ಪುಸ್ತಕವನ್ನು ಒಂದೇ ಕಪಾಟಿಗೆ ತುರುಕಬೇಡ, ಅದರ ಮುಖಗಳನ್ನು ಬೇರೆ ಬೇರೆಯಾಗಿ ಹೇಳು. ಅವರು ಐದು ಮುಖ ಹೇಳಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ. ಮನೆಯ ಕಡತಕ್ಕೆ ನಾಲ್ಕೇ ಧಾರಾಳ: ಯಾವಾಗ, ಎಲ್ಲಿ, ಎಂತದ್ದು, ಗುರುತು.

ಉದಾಹರಣೆಗೆ ಒಂದು ಆಧಾರ: «2019-03-11_ಬೇಳ_ಆಧಾರ_ಸರ್ವೆ-123-4». ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹೀಗೆ ಹಾಕಿದರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾನಾಗಿ ಕಾಲಕ್ರಮಕ್ಕೆ ಬರ್ತದೆ. 11-03-2019 ಅಂತ ಹಾಕಿದರೆ ಎಲ್ಲ ವರ್ಷದ ಹನ್ನೊಂದನೇ ತಾರೀಕುಗಳು ಒಟ್ಟಿಗೆ ಬಂದು ಕೂರುತ್ತವೆ. ಸರ್ವೆ ನಂಬರಿನ ಓರೆಗೆರೆ ಕಡತದ ಹೆಸರಿನಲ್ಲಿ ನಡೆಯುವುದಿಲ್ಲ, ಅಡ್ಡಗೀಟು ಹಾಕಿ.

ಅಕ್ಷರಕೋಶ

ಹೆಸರಿನ ಉದ್ದದ ಬಗ್ಗೆ ಒಂದು ಮಾತು. ಆಂಡ್ರಾಯ್ಡ್, ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‹ಕಾಸರಗೋಡು› ಒಂದಕ್ಕೇ ಎಂಟು ಸಂಕೇತ, 24 ಬೈಟ್. ಅಂದರೆ ಒಟ್ಟು 85 ಸಂಕೇತ ಮಾತ್ರ, ಕಾಗುಣಿತ, ಒತ್ತು ಸೇರಿ. ವಿಂಡೋಸಿನಲ್ಲಿ ಲೆಕ್ಕ ಬೇರೆ, ಅಲ್ಲಿ ಉದ್ದ ಹೆಸರು ಕೂತುಕೊಳ್ತದೆ. ಫೋನಿಗೆ ಸಿಂಕ್ ಆಗುವಾಗ ಅಂಥ ಕಡತ ಮಾತ್ರ ಹೋಗದೆ ಉಳಿಯುತ್ತದೆ, ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ನಾಲ್ಕು ತುಂಡಿನಲ್ಲಿ ಮುಗಿಸಿ.

ಮುಳ್ಳೇರಿಯ ಮೇಲ್ಮನೆ

ಜಾಗದ ಕಾಗದಕ್ಕೆ ಫೋಲ್ಡರ್ ಜಿಲ್ಲೆ ಪ್ರಕಾರವಾ, ತಾಲೂಕು ಪ್ರಕಾರವಾ?

ಕರಡು ಪತ್ರ

ಎರಡೂ ಬೇಡ. ಗ್ರಾಮದ ಪ್ರಕಾರ. ಒಂದೇ ಜಾಗದ ಕಾಗದ ನೋಡಿ: 1956ರ ಮೊದಲಿನದರಲ್ಲಿ ಮದ್ರಾಸ್ ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ. 1957ರ ನಂತರದ್ದರಲ್ಲಿ ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಮಂಜೇಶ್ವರ ತಾಲೂಕು 2014ರಲ್ಲಿ ಬಂತು, ಅದಕ್ಕೆ ಮೊದಲು ಆ ಗ್ರಾಮಗಳೆಲ್ಲ ಕಾಸರಗೋಡು ತಾಲೂಕು. ಗ್ರಾಮದ ಹೆಸರು ಅದರಷ್ಟು ಬದಲಾಗಿಲ್ಲ.

ಆದರೆ ಕಾಗುಣಿತ ಬದಲಾಗಿದೆ. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಹೊಸದುರ್ಗ ಮತ್ತು ಕಾಞಂಗಾಡ್ ಎರಡು ಹೆಸರಿನಲ್ಲೂ ಕಾಗದ ಸಿಗ್ತದೆ. ನೀವು ಕನ್ನಡದ ರೂಪ ಒಂದನ್ನೇ ಹಿಡಿಯಿರಿ.

ತಾರೀಕಿನ ತಲೆನೋವೂ ಉಂಟು. ಹಳೆಯ ಕಂದಾಯ ಕಾಗದದಲ್ಲಿ ಫಸಲಿ ವರ್ಷ ಇರ್ತದೆ. ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ, ಜುಲೈಯಿಂದ ಜೂನ್ ತನಕ. ಫಸಲಿ 1366 ಅಂದರೆ 1956 ಜುಲೈಯಿಂದ 1957 ಜೂನ್. ಮಲಯಾಳ ಪಂಚಾಂಗದ ಕೊಲ್ಲವರ್ಷ ಬಂದರೆ 825 ಕೂಡಿಸಿ, ವರ್ಷ ಶುರುವಾದಲ್ಲಿಂದ ಡಿಸೆಂಬರ್ ತನಕದ ತಾರೀಕಿಗೆ 824. ಕಡತದ ಹೆಸರಿಗೆ ಇಸವಿ, ಒಳಗಿನ ಟಿಪ್ಪಣಿಯಲ್ಲಿ ಮೂಲದಲ್ಲಿ ಇದ್ದ ಹಾಗೆ.

ಅಳತೆಯದ್ದೂ ಹಾಗೆ. ಹಳತರಲ್ಲಿ ಎಕ್ರೆ, ಸೆಂಟ್ಸ್. ರೀಸರ್ವೆ ಆದ ಮೇಲೆ ಹೆಕ್ಟೇರ್, ಆರ್. ಒಂದು ಆರ್‌ಗೆ 2.47 ಸೆಂಟ್ಸ್. ರೀಸರ್ವೆಯಲ್ಲಿ ನಂಬರ್ ಬದಲಾಗುವುದರಿಂದ ಪ್ರತಿ ಜಾಗಕ್ಕೆ ಒಂದು ಟಿಪ್ಪಣಿ ಮಾಡಿ, ಹಳೆ ಸರ್ವೆ ನಂಬರ್, ಹೊಸ ನಂಬರ್, ತಂಡಪ್ಪೇರ್, ವಿಸ್ತೀರ್ಣ ನಾಲ್ಕನ್ನೂ ಒಂದೇ ಕಡೆ ಬರೆದಿಡಿ. 2022ರ ನವೆಂಬರಿನಿಂದ ಕೇರಳದಲ್ಲಿ ಡಿಜಿಟಲ್ ರೀಸರ್ವೆ ನಡೀತಾ ಉಂಟು, ಈ ಟಿಪ್ಪಣಿ ಈಗಲೇ ಬೇಕಾಗ್ತದೆ.

ಮುಳ್ಳೇರಿಯ ಮೇಲ್ಮನೆ

ಕೈಬರಹದ ಹಳೆಯ ಆಧಾರವನ್ನು ಫೋನೇ ಓದಿ ಟೈಪ್ ಮಾಡಿ ಕೊಡ್ತದಾ?

ಕರಡು ಪತ್ರ

ಅಚ್ಚಿನ ಕನ್ನಡ, ಮಲಯಾಳವನ್ನು ಗೂಗಲ್ ಲೆನ್ಸ್ ಸಾಕಷ್ಟು ಚೆನ್ನಾಗಿ ಓದ್ತದೆ. ಬರವಣಿಗೆಯವರ ಹಳೆಯ ಕೂಡುಬರಹ ಆಗುವುದಿಲ್ಲ, ಪ್ರಯತ್ನಿಸಿ ಸಮಯ ಹಾಳು. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಮುದ್ರೆ ಕಾಣುವ ಹಾಗೆ ಬಣ್ಣದಲ್ಲೇ. ಆಮೇಲೆ ಐದು ಸಾಲು ಕೈಯಿಂದ ಟೈಪ್ ಮಾಡಿ: ಬರೆದುಕೊಟ್ಟವರು, ಬರೆಸಿಕೊಂಡವರು, ಗ್ರಾಮ ಮತ್ತು ಸರ್ವೆ, ವಿಸ್ತೀರ್ಣ, ದಸ್ತಾವೇಜು ನಂಬರ್ ಮತ್ತು ಇಸವಿ. ಹುಡುಕಾಟಕ್ಕೆ ಬೇಕಾದದ್ದು ಆ ಐದು ಸಾಲು, ಸ್ಕ್ಯಾನ್ ಓದುವುದಕ್ಕೆ.

ಮೂಲ ಆಧಾರಕ್ಕೆ ಲ್ಯಾಮಿನೇಶನ್ ಹಾಕಿಸಲೇಬೇಡಿ. ಮತ್ತೆ ಬಿಡಿಸಲಿಕ್ಕೆ ಬರುವುದಿಲ್ಲ, ಒಳಗೆ ತೇವ ಇದ್ದರೆ ಅಲ್ಲೇ ಬೂಸ್ಟು ಹಿಡೀತದೆ. ಅಂಗಡಿಯ ನುಣುಪು ಕಾಗದದ ಬಿಲ್ಲು ಇದ್ದರೆ ತಂದ ದಿನವೇ ಫೋಟೊ ತೆಗೆಯಿರಿ. ಅದು ಶಾಖದಿಂದ ಅಚ್ಚಾಗುವ ಕಾಗದ, ವಾರಂಟಿ ಮುಗಿಯುವ ಮೊದಲೇ ಬಿಳಿಯಾಗ್ತದೆ.

ಹಿಂಗಾರ

ಇಲ್ಲಿ ತನಕ ಕಡತದ ಮಾತಾಯ್ತು. ಕೃಷಿ ಮಾಹಿತಿಯದ್ದು ಬೇರೆ ಸಮಸ್ಯೆ: ಒಂದೇ ವಿಷಯಕ್ಕೆ ಹತ್ತು ಫಾರ್ವರ್ಡ್, ಹತ್ತೂ ಬೇರೆ ಬೇರೆ. ಅಲ್ಲಿ ಸಂಗ್ರಹಿಸುವುದು ಕಡಿಮೆ ಮಾಡಿ, ವಿಷಯಕ್ಕೆ ಒಂದೇ ಟಿಪ್ಪಣಿ ಇಡಿ. ಹೊಸತು ಬಂದರೆ ಆ ಟಿಪ್ಪಣಿಯನ್ನೇ ತಿದ್ದಿ. ಮಾದರಿಗೆ ಒಂದು:

ಶೀರ್ಷಿಕೆ: ಬೋರ್ಡೋ ದ್ರಾವಣ 1% – ಅಡಿಕೆ ಕೊಳೆರೋಗಕ್ಕೆ
ಬೇರೆ ಹೆಸರು: ಮಹಾಳಿ, ಮದ್ದು ಬಿಡುವುದು, ತುರಿಶ್, ಮೈಲುತುತ್ತು
ಪ್ರಮಾಣ: ಮೈಲುತುತ್ತು 1 ಕೆಜಿ 50 ಲೀಟರ್ ನೀರಿನಲ್ಲಿ, ಸುಣ್ಣ 1 ಕೆಜಿ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕುವುದು.
ಪರೀಕ್ಷೆ: ಹೊಳೆಯುವ ಕತ್ತಿಯ ಅಲಗು ಅದ್ದಿ ತೆಗೆದಾಗ ಕೆಂಪು ತಾಮ್ರ ಹಿಡಿದರೆ ಹುಳಿ ಹೆಚ್ಚು, ಇನ್ನೂ ಸುಣ್ಣ ಬೇಕು.
ಎಚ್ಚರ: ಕಬ್ಬಿಣದ ಪಾತ್ರೆ ಬೇಡ. ಕಲಸಿದ ದಿನವೇ ಮುಗಿಸುವುದು.
ಯಾವಾಗ: ಮೊದಲನೆಯದು ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40–45 ದಿನ ಬಿಟ್ಟು.
ಎಲ್ಲಿಂದ: (ಇಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕೈಪಿಡಿಯ ಹೆಸರು, ಪುಟ, ಅಥವಾ ಯಾರು ಹೇಳಿದ್ದು)
ನೋಡಿದ ದಿನ:
ತಕರಾರು: (ಇದಕ್ಕೆ ವಿರುದ್ಧ ಹೇಳುವ ಫಾರ್ವರ್ಡ್ ಬಂದರೆ ಇಲ್ಲಿ ಒಂದು ಸಾಲು)

ಇದರಲ್ಲಿ ನನಗೆ ಕಾಣುವ ಹಾಗೆ ಬೆಲೆಬಾಳುವುದು ‹ಎಲ್ಲಿಂದ› ಮತ್ತು ‹ತಕರಾರು›. ಕೂಡ್ಲಿನ ಸಿಪಿಸಿಆರ್‌ಐ ಕೈಪಿಡಿಯ ಮಾತು, ಗೊಬ್ಬರದ ಅಂಗಡಿಯವರ ಮಾತು, ಯೂಟ್ಯೂಬಿನವರ ಮಾತು ಮೂರಕ್ಕೂ ಒಂದೇ ತೂಕ ಕೊಡಲಾಗುವುದಿಲ್ಲ. ಮೂಲ ಬರೆಯದೆ ಪ್ರಮಾಣ ಮಾತ್ರ ಬರೆದಿಟ್ಟರೆ ಎರಡು ವರ್ಷ ಕಳೆದು ನೋಡುವಾಗ ಅದು ಯಾರ ಮಾತು ಅಂತಲೇ ಗೊತ್ತಾಗುವುದಿಲ್ಲ.

ಕಾರ್ಡು ಪೆಟ್ಟಿಗೆ

ಆ ‹ಬೇರೆ ಹೆಸರು› ಸಾಲು ಬಹಳ ಮುಖ್ಯ, ಗ್ರಂಥಾಲಯದಲ್ಲಿ ಇದಕ್ಕೆ ‹ನೋಡಿ› ಕಾರ್ಡು ಇರ್ತದೆ. ಇದನ್ನೇ ದೊಡ್ಡದು ಮಾಡಿ ಒಂದು ಪದಪಟ್ಟಿ ಕಡತ ಇಟ್ಟುಕೊಳ್ಳಿ. ಎಡಗಡೆ ನೀವು ಯಾವಾಗಲೂ ಬಳಸುವ ಪದ, ಬಲಗಡೆ ಉಳಿದವು. «ಖಾತೆ ಬದಲಾವಣೆ: ಪೋಕ್ಕುವರವ್, ಮ್ಯುಟೇಶನ್.» «ಕರ ರಶೀದಿ: ಕರಂ, ಲ್ಯಾಂಡ್ ಟ್ಯಾಕ್ಸ್.» ಟ್ಯಾಗ್ ಹಾಕುವಾಗ ಎಡಗಡೆಯ ಪದ ಮಾತ್ರ. ಮೂವತ್ತು, ನಲವತ್ತು ಸಾಲಿಗೆ ಮನೆಯ ವ್ಯವಹಾರ ಎಲ್ಲ ಮುಗೀತದೆ. ಇದಿಲ್ಲದೆ ಟ್ಯಾಗ್ ಶುರು ಮಾಡಿದರೆ ‹ವಾಟ್ಸಾಪ್›, ‹ವಾಟ್ಸಪ್›, ‹ವಾಟ್ಸ್‌ಆ್ಯಪ್› ಅಂತ ಒಂದಕ್ಕೇ ಮೂರು ಟ್ಯಾಗ್ ಆಗಿ ಕೂತಿರ್ತದೆ. ಗೂಗಲ್ ಕೀಪಿನಲ್ಲಿ ಲೇಬಲ್ಲಿಗೆ ಮಿತಿ ಉಂಟು, ಹೀಗೆ ಮಾಡಿದರೆ ಬೇಗ ತುಂಬುತ್ತದೆ.

ಭಾಗವತ ತಾಳ

ಆಡಿಯೊಕ್ಕೆ ಎಂತ ಮಾಡುವುದು? ತಾಳಮದ್ದಳೆಯ ರೆಕಾರ್ಡಿಂಗ್ ಮೂರು, ನಾಲ್ಕು ಗಂಟೆ ಇರ್ತದೆ. ಒಳಗೆ ಹುಡುಕಲಾಗುವುದಿಲ್ಲ.

ಹಿಂಗಾರ

ಅದೇ ಹೆಸರಿನ ಒಂದು ಪಠ್ಯ ಕಡತ ಪಕ್ಕದಲ್ಲಿ ಇಡಿ. ಅದರಲ್ಲಿ ಪ್ರಸಂಗ, ಪಾತ್ರ ಮತ್ತು ಅರ್ಥಧಾರಿ, ಸ್ಥಳ, ಆಮೇಲೆ ಸಮಯ: «0:12 ಪೀಠಿಕೆ», «1:47 ಸಂವಾದ ಶುರು» ಹಾಗೆ. ಇಡೀ ಮಾತು ಬರೆಯುವ ಅಗತ್ಯ ಇಲ್ಲ, ಮತ್ತೆ ಕೇಳಬೇಕೆನಿಸಿದ ಐದಾರು ಜಾಗ ಸಾಕು. ವಾಟ್ಸಾಪಿನ ಧ್ವನಿ ಸಂದೇಶಕ್ಕೂ ಇದೇ, ಎರಡು ಸಾಲು ಸಾರಾಂಶ ಬರೆದ ಮೇಲೆ ಹೆಚ್ಚಿನವನ್ನು ಅಳಿಸಬಹುದು.

ಉಪ್ಪಳ ಗೇಟ್ ಟು

ವಾಟ್ಸಾಪಿನ ಸಂಗತಿ ಯಾರೂ ಸರಿಯಾಗಿ ಹೇಳಿಲ್ಲ. ಅದು ಉಗ್ರಾಣ ಅಲ್ಲ, ಬರೀ ಬಾಗಿಲು.

ಫೋಟೊವನ್ನು ಫೋಟೊ ಆಗಿ ಕಳಿಸಿದರೆ ಗಾತ್ರ ಇಳೀತದೆ, ಒಳಗಿದ್ದ ತೆಗೆದ ದಿನ, ಸ್ಥಳದ ಮಾಹಿತಿಯೂ ಹೋಗ್ತದೆ. ಹೆಸರಿನಲ್ಲಿ ಕಾಣುವ 20240615 ನಿಮಗೆ ಬಂದ ದಿನ, ತೆಗೆದ ದಿನ ಅಲ್ಲ. ಕಾಗದದ ಪ್ರತಿ ಕಳಿಸುವುದಾದರೆ, ತರಿಸುವುದಾದರೆ ‹ಡಾಕ್ಯುಮೆಂಟ್› ಆಗಿ. ಡೌನ್‌ಲೋಡ್ ಮಾಡದೆ ಬಿಟ್ಟ ಕಡತ ಬಹಳ ಸಮಯ ಕಳೆದು ಒತ್ತಿದರೆ ಸಿಗುವುದಿಲ್ಲ, ಕಳಿಸಿದವರನ್ನೇ ಮತ್ತೆ ಕೇಳಬೇಕಾಗ್ತದೆ. ಸ್ಟಾರ್ ಹಾಕಿದ್ದು ಆ ಚಾಟ್ ಅಳಿಸಿದರೆ ಜತೆಗೇ ಹೋಗಬಹುದು.

ಉಪಾಯ: ನಿಮಗೆ ನೀವೇ ಸಂದೇಶ ಕಳಿಸುವ ಚಾಟ್ ಉಂಟಲ್ಲ, ಇಡಬೇಕಾದದ್ದನ್ನೆಲ್ಲ ಅಲ್ಲಿಗೆ ಫಾರ್ವರ್ಡ್ ಮಾಡಿ, ಜತೆಗೆ ಯಾಕೆ ಬೇಕು ಅಂತ ನಾಲ್ಕು ಪದ. ವಾರಕ್ಕೊಮ್ಮೆ ಕೂತು ಅಲ್ಲಿಂದ ಖಾಲಿ ಮಾಡಿ. ಎರಡು ವಾರ ಮುಟ್ಟದೆ ಇದ್ದರೆ ಅದು ಇನ್ನೊಂದು ಗುಡ್ಡೆ.

ಅಡ್ಕಸ್ಥಳ ಗೇಟು

ಇಷ್ಟೆಲ್ಲ ಆಯ್ತು, ಈಗಲಾದರೂ ಆ್ಯಪ್ ಹೇಳಿ ಮಾರಾಯ್ರೆ.

ಅಕ್ಷರಕೋಶ

ಆ್ಯಪ್ ಮುಚ್ಚಿದ ದಿನ ಏನು ಉಳಿಯುತ್ತದೆ ಅಂತ ಕೇಳಿ ಆರಿಸಿ. ಲೇಖನ ಉಳಿಸಿಡುವ ಆಮ್ನಿವೋರ್ 2024ರ ನವೆಂಬರಿನಲ್ಲಿ ನಿಂತಿತು. ಮೊಜಿಲ್ಲಾದವರ ಪಾಕೆಟ್ 2025ರ ಜುಲೈ 8ಕ್ಕೆ. ಕೊಂಡಿ ಮಾತ್ರ ಇಟ್ಟುಕೊಂಡವರಿಗೆ ರಫ್ತಿನಲ್ಲಿ ಸಿಕ್ಕಿದ್ದು ಕೊಂಡಿಗಳ ಪಟ್ಟಿ, ಅದರಲ್ಲಿ ಎಷ್ಟೋ ಪುಟಗಳು ಈಗ ಇಲ್ಲ. ಬೇಕಾದ ಪುಟವನ್ನು ಪಿಡಿಎಫ್ ಮಾಡಿಯೇ ಇಡಿ.

ಒಬ್ಸಿಡಿಯನ್ ಟಿಪ್ಪಣಿಗಳು ನಿಮ್ಮ ಯಂತ್ರದಲ್ಲೇ ಸರಳ ಪಠ್ಯ ಕಡತ, ಆ್ಯಪ್ ತೆಗೆದುಹಾಕಿದರೂ ನೋಟ್‌ಪ್ಯಾಡಿನಲ್ಲಿ ತೆರೀತದೆ. ಕನ್ನಡಕ್ಕೆ ತೊಂದರೆ ಇಲ್ಲ. ಟ್ಯಾಗಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ ಅಷ್ಟೆ. ಜೋಪ್ಲಿನ್ ಸಹ ಆಗಬಹುದು. ನೋಶನ್ ನೋಡಲು ಚಂದ, ಆದರೆ ಎಲ್ಲವೂ ಅವರ ಸರ್ವರಿನಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್ಟು ಎರಡೂ ಕೈಕೊಡುವುದು ಗೊತ್ತಿದ್ದದ್ದೇ. ಸಂಶೋಧನೆ, ಪ್ರಬಂಧ ಬರೆಯುವವರಿಗೆ ಆಕರಗಳನ್ನು ಜೋಡಿಸಿಡುವ ಝೊಟೆರೊ, ಅದರಲ್ಲಿ ಉಚಿತ ಜಾಗ 300 ಎಂಬಿ, ಸ್ಕ್ಯಾನ್ ಹಾಕಿದರೆ ಬೇಗ ತುಂಬ್ತದೆ. ಪಿಡಿಎಫ್ ಹೊರಗಿಟ್ಟು ಕೊಂಡಿ ಕೊಡಿ.

ನೋಟುಪುಸ್ತಕ

ಇದ್ಯಾವುದೂ ಬೇಡದವರಿಗೆ ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಸಾಕು. ಪುಟಕ್ಕೆ ನಂಬರ್ ಹಾಕಿ, ಹಿಂದಿನ ಆರು ಪುಟ ಅಕಾರಾದಿ ಸೂಚಿಗೆ ಬಿಡಿ. ಬರೆದ ಕೂಡಲೇ ಸೂಚಿಯಲ್ಲಿ ಪದ ಮತ್ತು ಪುಟ. ನಿಕ್ಲಾಸ್ ಲೂಮಾನ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞ ಸುಮಾರು 90,000 ಚೀಟಿ ಬರೆದಿಟ್ಟು ಕೆಲಸ ಮಾಡಿದವರು, ಅದೂ ಬರೀ ಕಾಗದದಲ್ಲಿ, ನಂಬರ್ ಮತ್ತು ಸೂಚಿಯ ಮೇಲೆ.

ಅಕ್ಷರಕೋಶ

ಸೂಚಿ ಕೂಡಲೇ ಬರೆಯುವ ಶಿಸ್ತು ಇದ್ದವರಿಗೆ ಅದು ಖಂಡಿತ ಆಗ್ತದೆ. ಅದಿಲ್ಲದವರಿಗೆ ಸರ್ಚ್ ಇಲ್ಲದ ಪುಸ್ತಕ ಇನ್ನೂ ಕಷ್ಟ.

ಕರಡು ಪತ್ರ

ಬ್ಯಾಕಪ್ ಯಾರೂ ಮುಟ್ಟಲಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ನಮ್ಮಲ್ಲಿ ಇದಕ್ಕೆ ಎರಡು ಸೇರಿಸಬೇಕು. ಮಳೆ ಹಿಡಿಯುವ ಮೊದಲು, ಆಮೇಲೆ ತುಲಾ ತಿಂಗಳಲ್ಲಿ ಸಿಡಿಲು ಜೋರು. ಹಾರ್ಡ್ ಡಿಸ್ಕ್ ಪ್ರತಿ ಮಾಡುವಾಗ ಮಾತ್ರ ಚುಚ್ಚಿ, ಕೂಡಲೇ ಕಳಚಿ. ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇದ್ದರೆ ಒಂದೇ ಸಿಡಿಲಿಗೆ ಎರಡೂ ಹೋಗ್ತವೆ. ಮತ್ತೆ ತೇವ: ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ತಿರುಗಿದರೆ ಬದಲಿಸಿ. ಪೆನ್‌ಡ್ರೈವಿನಲ್ಲಿ ವರ್ಷಗಟ್ಟಲೆ ಇಟ್ಟು ನಂಬಬೇಡಿ. ಸಿಂಕ್ ಆದದ್ದನ್ನು ಬ್ಯಾಕಪ್ ಅಂದುಕೊಳ್ಳಬೇಡಿ, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿದುಹೋಗ್ತದೆ.

ಆಧಾರ್ ಕಾರ್ಡಿನ ಪ್ರತಿ ಹಂಚಿಕೊಂಡ ಫೋಲ್ಡರಿನಲ್ಲಿ ಇಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ. ಮತ್ತು ಹೆಸರು ಕೊಡುವಾಗ ಜಾಗದ ಆಧಾರಕ್ಕೆ ‹ಆಧಾರ›, ಕಾರ್ಡಿಗೆ ‹ಯುಐಡಿಕಾರ್ಡ್› ಅಂತ ಬೇರೆ ಮಾಡಿ, ಇಲ್ಲದಿದ್ದರೆ ಹುಡುಕುವಾಗ ಎರಡೂ ಕಲಸುಮೇಲೋಗರ.

ಮುಳ್ಳೇರಿಯ ಮೇಲ್ಮನೆ

ಮನೆಯ ಬೇರೆಯವರಿಗೆ ತಿಳಿಯುವುದು ಹೇಗೆ? ಇಟ್ಟವರಿಗೆ ಮಾತ್ರ ಗೊತ್ತಿದ್ದರೆ ಪ್ರಯೋಜನ ಎಂತ?

ಕರಡು ಪತ್ರ

ಮೇಲಿನ ಫೋಲ್ಡರಿನಲ್ಲಿ ‹00_ಮೊದಲು_ಓದಿ› ಅಂತ ಒಂದು ಪುಟ. ಎಲ್ಲಿ ಎಂತದ್ದು ಉಂಟು, ಮೂಲ ಕಾಗದ ಯಾವ ಕಪಾಟಿನಲ್ಲಿ, ಪದಪಟ್ಟಿ ಎಲ್ಲಿ. ಸೊನ್ನೆ ಹಾಕಿದರೆ ಯಾವಾಗಲೂ ಮೇಲೆ ಕೂರ್ತದೆ. ಅದನ್ನು ಪ್ರಿಂಟ್ ತೆಗೆದು ಮೂಲ ಆಧಾರದ ಜತೆ ಇಡಿ, ಪಾಸ್‌ವರ್ಡ್ ಅದರಲ್ಲಿ ಬೇಡ. ಗೂಗಲ್ ಖಾತೆಯಲ್ಲಿ ‹ಇನಾಕ್ಟಿವ್ ಅಕೌಂಟ್ ಮ್ಯಾನೇಜರ್› ಉಂಟು, 3ರಿಂದ 18 ತಿಂಗಳು ಬಳಕೆ ನಿಂತರೆ ನೀವು ಹೇಳಿದವರಿಗೆ ಕಡತ ಸಿಗುವ ಹಾಗೆ ಮಾಡಬಹುದು. ಎರಡು ವರ್ಷ ಮುಟ್ಟದ ಖಾತೆಯನ್ನು ಅವರು ಅಳಿಸಬಹುದು, ಫೋಟೊ ಸಮೇತ. ಹಿರಿಯರ ಹೆಸರಿನ ಖಾತೆಯಲ್ಲಿ ಕಾಗದ ಇದ್ದರೆ ಆಗಾಗ ಒಮ್ಮೆ ಒಳಗೆ ಹೋಗಿ ಬನ್ನಿ.

ಅಡ್ಕಸ್ಥಳ ಗೇಟು

ಇಪ್ಪತ್ತು ಪ್ರಶ್ನೆ ಬರೆದು ನೋಡಿದರೆ ಹನ್ನೊಂದು ಜಾಗದ ಕಾಗದದ್ದೇ. ಹಾಗಾದರೆ ಅಲ್ಲಿಂದ ಶುರು ಮಾಡುವುದಾ? ಸ್ಕ್ಯಾನ್ ಮಾಡಲು ಫೋನ್ ಸಾಕಾ, ಯಂತ್ರ ಬೇಕಾ?

ಕರಡು ಪತ್ರ

ಅಲ್ಲಿಂದಲೇ. ಫೋನ್ ಸಾಕು: ಗೂಗಲ್ ಡ್ರೈವಿನ ಸ್ಕ್ಯಾನ್ ಬಟನ್, ಹಗಲು ಬೆಳಕು, ಕಿಟಕಿ ಎಡಗಡೆ ಇರಲಿ, ಫ್ಲ್ಯಾಶ್ ಬೇಡ, ಮುದ್ರೆಯ ಮೇಲೆ ಹೊಳಪು ಬರ್ತದೆ. ಕಾಗದದ ಮಡಿಕೆಯಲ್ಲಿ ಸರ್ವೆ ನಂಬರ್ ಇದ್ದರೆ ಆ ಜಾಗವನ್ನು ಮಾತ್ರ ಹತ್ತಿರದಿಂದ ಇನ್ನೊಂದು ತೆಗೆದು ಅದೇ ಪಿಡಿಎಫಿನ ಕೊನೆಗೆ ಸೇರಿಸಿ. ಹಿಂಬದಿ ಬರಹ ಇದೆಯಾ ಅಂತ ತಿರುಗಿಸಿ ನೋಡಿ, ನೋಂದಣಿಯ ಮುದ್ರೆ ಎಷ್ಟೋ ಸಲ ಅಲ್ಲೇ ಇರ್ತದೆ.